ಕರೆಯೂ ಓಗೊಡುವಿಕೆಯೂ: ಕನ್ನಡ ನಾಡಿನ ಕ್ರೈಸ್ತ ಧರ್ಮಪ್ರಸಾರದಲ್ಲಿ ಪ್ರೀತಿಯ ಮಾರ್ಗ

ಧರ್ಮವು ಒಬ್ಬನ ಅಂತರಂಗದಲ್ಲಿ ನೆಲೆಗೊಂಡ ಮೇಲೆ ಅಲ್ಲಿಯೇ ಅಡಗಿ ನಿಲ್ಲುವ ವಸ್ತುವಲ್ಲ. ತಾನು ಉಂಡ ಸವಿಯನ್ನು ನೆರೆಯವನಿಗೂ ಬಡಿಸಬೇಕೆಂಬ ಹಂಬಲ ಭಕ್ತನಿಗೆ ಸಹಜವಾದುದು. ಈ ಹಂಬಲವಿಲ್ಲದಿದ್ದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ದೂರದೂರದ ನಾಡುಗಳಿಂದ ಶರಣರು ಬರುತ್ತಿರಲಿಲ್ಲ. ಬೌದ್ಧ ಭಿಕ್ಷುಗಳು ಹಿಮಾಲಯವನ್ನು ದಾಟಿ ಹೋಗುತ್ತಿರಲಿಲ್ಲ. ಕ್ರಿಸ್ತನ ಶಿಷ್ಯರು ತಮ್ಮ ಬಲೆಗಳನ್ನು ಬಿಟ್ಟು ಪರದೇಶಗಳಿಗೆ ತೆರಳುತ್ತಿರಲಿಲ್ಲ. ಆದರೆ ಈ ಹಂಬಲವು ಲೋಕದಲ್ಲಿ ಮೂರು ದಾರಿಗಳನ್ನು ಹಿಡಿದುದನ್ನು ಇತಿಹಾಸವು ತೋರಿಸುತ್ತದೆ. ಒಂದು ಬಲದ ದಾರಿ, ಮತ್ತೊಂದು ಆಮಿಷದ ದಾರಿ, ಮೂರನೆಯದು ಪ್ರೀತಿಯ ಕರೆಯ ದಾರಿ. ಮೊದಲನೆಯ ಎರಡು ದಾರಿಗಳಲ್ಲಿ ಬಂದವನು ಮನೆಯ ಒಳಗೆ ಕಾಣಿಸಿಕೊಳ್ಳುತ್ತಾನೆಯೇ ಹೊರತು ಮನಸ್ಸನ್ನು ತಂದಿರುವುದಿಲ್ಲ. ಮೂರನೆಯದರಲ್ಲಿ ಬರುವವರು ಕೆಲವರೇ. ಆದರೆ ಬಂದವರು ನಿಲ್ಲುತ್ತಾರೆ, ಬಾರದವರೂ ಕರೆದವನನ್ನು ಗೌರವದಿಂದ ನೆನೆಯುತ್ತಾರೆ.

ಕನ್ನಡ ನಾಡಿನಲ್ಲಿ ಕ್ರೈಸ್ತ ಧರ್ಮವು ಹರಡಿದ ಬಗೆಯನ್ನು ಕುರಿತು ಇಂದಿಗೂ ಎರಡು ಅತಿಯಾದ ಅಭಿಪ್ರಾಯಗಳು ಕೇಳಿಬರುತ್ತವೆ. ಮಿಶನರಿಗಳೆಲ್ಲರೂ ಮತಾಂತರದ ಸಂಚುಗಾರರೆಂಬುದು ಒಂದು. ಅವರೆಲ್ಲರೂ ಕನ್ನಡದ ನಿಃಸ್ವಾರ್ಥ ಸೇವಕರೆಂಬುದು ಮತ್ತೊಂದು. ಸತ್ಯವು ಈ ಎರಡರ ನಡುವೆ ಎಲ್ಲಿಯೋ ಇದೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಸಂಗತಿಗಳನ್ನು ಅನುಕ್ರಮವಾಗಿ ನೋಡಿದರೆ ಬೇರೆಯೇ ಒಂದು ಚಿತ್ರ ಮೂಡುತ್ತದೆ. ಕರೆಯಲು ಬಂದವರು ಮೊದಲು ಕೇಳಲು ಕಲಿಯಬೇಕಾಯಿತು. ಆ ಕಲಿಕೆಗೆ ಸುಮಾರು ನೂರು ವರ್ಷಗಳು ಬೇಕಾದವು. ಅದರ ಪಕ್ವಫಲವು ದೊರೆತದ್ದು ಜರ್ಮನಿಯಿಂದ ಬಂದವರಲ್ಲಿ ಅಲ್ಲ, ಧಾರವಾಡದಲ್ಲಿಯೇ ಹುಟ್ಟಿದ ಒಬ್ಬ ಕನ್ನಡಿಗ ಕ್ರೈಸ್ತ ಪಾದ್ರಿಯಲ್ಲಿ.

ಬಾಸೆಲಿನಿಂದ ಮಂಗಳೂರಿಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯು ತನ್ನ ಪ್ರಚಾರಕರಲ್ಲಿ ಹೆಚ್ಚಿನವರನ್ನು ದಕ್ಷಿಣ ಜರ್ಮನಿಯ ಸೀಮೆಯಿಂದ ಪಡೆಯಿತು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು ೧೮೩೩ರಲ್ಲಿ ನವೀಕೃತವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಈ ದೇಶದಲ್ಲಿ ನೆಲೆಸಲು ಅವಕಾಶವಾಯಿತು. ಮರುವರ್ಷವೇ, ಎಂದರೆ ೧೮೩೪ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೇಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರನ್ನು ಸೇರಿದರು. ಅವರಿಗಿಂತ ಮೊದಲೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೈಹಾಕಿದ್ದರು. ಅದೇ ಸಂಸ್ಥೆಯ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಹೊರಬಂದಿತ್ತು. ಹೀಗೆ ಬಾಸೆಲಿನವರಿಗೆ ದಾರಿಯು ತಕ್ಕಮಟ್ಟಿಗೆ ಸಿದ್ಧವಾಗಿತ್ತು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಗದಗಿನ ಪಕ್ಕದ ಬೆಟಗೇರಿ—ಈ ಕ್ರಮದಲ್ಲಿ ಅವರ ಕೇಂದ್ರಗಳು ಘಟ್ಟದ ಮೇಲಿನ ಸೀಮೆಗೂ ಹಬ್ಬಿದವು.

ಆರಂಭದ ದಿನಗಳಲ್ಲಿ ಅವರ ಮಾತು ಕರೆಯಾಗಿದ್ದುದಕ್ಕಿಂತ ಖಂಡನೆಯಾಗಿದ್ದುದೇ ಹೆಚ್ಚು. ಜಾತ್ರೆ ನೆರೆದಲ್ಲಿಗೆ ಹೋಗಿ, ತೇರನ್ನು ಎಳೆಯುವ ಜನರ ಎದುರಿಗೇ ನಿಂತು ಅವರ ದೇವರುಗಳನ್ನು ಹಳಿಯುವುದು ಧರ್ಮಕಾರ್ಯವೆಂದು ಆ ಕಾಲದ ಪ್ರಚಾರಕರು ತಿಳಿದಿದ್ದರು. ಹೇಬಿಕರು ಇಂಥ ಉಪದೇಶಕ್ಕೆ ಹೆಸರಾದವರು. ಜನರಿಂದ ಕಲ್ಲುಮಣ್ಣು ಬಿದ್ದಾಗ ಅದನ್ನು ಸಹಿಸಿಕೊಂಡ ಅವರ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಧೈರ್ಯ ಬೇರೆ, ಪ್ರೀತಿ ಬೇರೆ. ಒಬ್ಬನ ಹೊಸ್ತಿಲಲ್ಲಿ ನಿಂತು ಅವನ ಮನೆಯನ್ನು ನಿಂದಿಸಿ, ಆಮೇಲೆ ತನ್ನ ಮನೆಗೆ ಊಟಕ್ಕೆ ಬಾ ಎಂದರೆ ಯಾರು ಬಂದಾರು? ಈ ಸರಳವಾದ ಲೋಕನೀತಿಯನ್ನು ಮಿಶನರಿಗಳು ಕಷ್ಟದಿಂದ ಕಲಿತರು.

ಕಾಲಜ್ಞಾನದ ಪ್ರಸಂಗ

ಆ ಕಲಿಕೆಯ ಮೊದಲ ಪಾಠಗಳಲ್ಲೊಂದು ಉತ್ತರ ಕರ್ನಾಟಕದಲ್ಲಿ ದೊರೆಯಿತು. ವೀರಶೈವರ ವಲಯದಲ್ಲಿ ಕಾಲಜ್ಞಾನ ಸಾಹಿತ್ಯಕ್ಕೆ ದೀರ್ಘವಾದ ಪರಂಪರೆಯಿದೆ. ಕೆಟ್ಟ ಕಾಲವು ಮುಗಿದು ಧರ್ಮರಾಜ್ಯವು ಮತ್ತೆ ಬರುವುದೆಂಬ ನಂಬಿಕೆಯನ್ನು ಒಡಲಲ್ಲಿಟ್ಟುಕೊಂಡ ಆ ಓಲೆಗರಿಗಳನ್ನು ಹಳ್ಳಿಹಳ್ಳಿಗಳಲ್ಲಿ ಓದಿಸಿ ಕೇಳುತ್ತಿದ್ದರು. ೧೮೪೦ರ ಆಸುಪಾಸಿನಲ್ಲಿ ಧಾರವಾಡ-ಗದಗ ಸೀಮೆಯ ಇಂಥ ಕಾಲಜ್ಞಾನಿಗಳ ಗುಂಪೊಂದು, ತಮ್ಮ ಓಲೆಗಳು ಹೇಳುವ ಹೊಸ ಕಾಲದ ಸುಳಿವು ಈ ಪರದೇಶಿ ಗುರುಗಳಲ್ಲಿ ಇದ್ದೀತೆಂದು ಭಾವಿಸಿ ಮಿಶನರಿಗಳನ್ನು ಅರಸಿಕೊಂಡು ಬಂದಿತು. ಮಿಶನರಿಗಳ ಸಂತೋಷಕ್ಕೆ ಪಾರವಿಲ್ಲದಾಯಿತು. ಸಾವಿರಾರು ಜನರು ಒಮ್ಮೆಲೇ ಕ್ರೈಸ್ತರಾಗುವರೆಂಬ ನಿರೀಕ್ಷೆ ಹುಟ್ಟಿತು. ಬಂದವರನ್ನು ನೆಲೆಗೊಳಿಸಲೆಂದು ೧೮೪೧ರಲ್ಲಿ ಮಲಸಮುದ್ರದಲ್ಲಿ ಒಂದು ಒಕ್ಕಲು ವಸತಿಯೂ ಆರಂಭವಾಯಿತು.

ಆದರೆ ಆ ನಿರೀಕ್ಷೆ ಫಲಿಸಲಿಲ್ಲ. ಬಂದವರು ಕೇಳುತ್ತಿದ್ದುದು ಒಂದನ್ನು, ಕೊಡುವವರು ಹೇಳುತ್ತಿದ್ದುದು ಮತ್ತೊಂದನ್ನು. ಕಾಲಜ್ಞಾನಿಗಳಿಗೆ ಬೇಕಾಗಿದ್ದುದು ತಮ್ಮ ಓಲೆಗಳ ಮಾತಿಗೆ ಸಾಕ್ಷಿ. ಮಿಶನರಿಗಳಿಗೆ ಬೇಕಾಗಿದ್ದುದು ಆ ಓಲೆಗಳನ್ನೇ ಬಿಟ್ಟುಬರುವ ಶಿಷ್ಯರು. ಎರಡು ಕಡೆಯವರೂ ಪ್ರಾಮಾಣಿಕರೇ ಆಗಿದ್ದರು. ಆದರೂ ಒಬ್ಬರ ಮಾತು ಮತ್ತೊಬ್ಬರನ್ನು ಮುಟ್ಟಲಿಲ್ಲ. ಕರೆಯ ಹಿಂದೆ ಪರಸ್ಪರ ಅರಿವಿಲ್ಲದಿದ್ದರೆ ಓಗೊಟ್ಟವನೂ ದಾರಿತಪ್ಪಿದವನೇ ಆಗುತ್ತಾನೆಂಬುದಕ್ಕೆ ಈ ಪ್ರಸಂಗವು ನಿದರ್ಶನ. ಈ ನಾಡಿನ ಜನರು ಏನನ್ನು ನಂಬುತ್ತಾರೆ, ಯಾವ ಪುಸ್ತಕಗಳನ್ನು ಓದುತ್ತಾರೆ, ಯಾವ ಹಾಡುಗಳಿಗೆ ಕಣ್ಣೀರಿಡುತ್ತಾರೆ ಎಂಬುದನ್ನು ತಿಳಿಯದೆ ಅವರೊಡನೆ ಧರ್ಮದ ಮಾತನಾಡುವುದು ವ್ಯರ್ಥವೆಂಬುದು ಕ್ರಮೇಣ ಸ್ಪಷ್ಟವಾಗುತ್ತ ಬಂದಿತು.

ಮೋಗ್ಲಿಂಗರ ಕಲ್ಲಚ್ಚಿನ ಮನೆ

ಈ ಅರಿವನ್ನು ಕಾರ್ಯರೂಪಕ್ಕೆ ತಂದವರಲ್ಲಿ ಮೊದಲಿಗರು ಹರ್ಮನ್ ಮೋಗ್ಲಿಂಗ್. ೧೮೧೧ರಲ್ಲಿ ಜರ್ಮನಿಯ ಬ್ರಾಕನ್‌ಹೈಮಿನಲ್ಲಿ ಜನಿಸಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನವನ್ನು ಅಭ್ಯಸಿಸಿದ ಇವರು ೧೮೩೬ರಲ್ಲಿ ಮಂಗಳೂರಿಗೆ ಬಂದರು. ಇವರ ಹಿಂದೆಯೇ ೧೮೪೦ರಲ್ಲಿ ಬಂದ ಗಾಟ್‌ಫ್ರೀಡ್ ವೈಗ್ಲೆ ಭಾಷಾಶಾಸ್ತ್ರದಲ್ಲಿ ಒಲವುಳ್ಳವರಾಗಿದ್ದರು. ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರವು ೧೮೪೧ರಲ್ಲಿ ಸ್ಥಾಪಿತವಾಯಿತು. ಅದರಿಂದ ೧೮೪೩ರ ಜುಲೈ ಒಂದರಂದು ಹೊರಬಂದ ‘ಮಂಗಳೂರ ಸಮಾಚಾರ’ವು ಕನ್ನಡದ ಪ್ರಥಮ ಪತ್ರಿಕೆ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಅನ್ಯದೇಶಗಳ ಸುದ್ದಿ—ಇವುಗಳ ಜೊತೆಗೆ ಪುರಂದರದಾಸರ ಪದಗಳಿಗೂ ಅದರಲ್ಲಿ ಎಡೆ ದೊರೆತುದು ಗಮನಾರ್ಹ. ಕ್ರಿಸ್ತನ ಸುವಾರ್ತೆಯನ್ನು ಸಾರಲು ಬಂದವರು ಹರಿದಾಸರ ಪದಗಳನ್ನು ಅಚ್ಚುಹಾಕಿದುದೇಕೆ? ಜನರ ಬಾಯಲ್ಲಿರುವುದನ್ನು ಗೌರವಿಸದೆ ಜನರ ಕಿವಿಯನ್ನು ಮುಟ್ಟಲಾಗದೆಂದು ಮೋಗ್ಲಿಂಗರು ಅರಿತುಕೊಂಡಿದ್ದರು.

ಇದೇ ಅವಧಿಯಲ್ಲಿ ಕರೆಯ ಬೆಲೆಯೇನೆಂಬುದೂ ಅವರಿಗೆ ತಿಳಿದುಬಂದಿತು. ೧೮೪೪ರ ಜನವರಿಯಲ್ಲಿ ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನು ಇನ್ನಿಬ್ಬರೊಡನೆ ದೀಕ್ಷಾಸ್ನಾನವನ್ನು ಪಡೆದನು. ಪಟ್ಟಣದಲ್ಲಿ ಕೋಲಾಹಲವೆದ್ದಿತು. ತಮ್ಮ ಮಕ್ಕಳೂ ಹಾಗಾಗುವರೆಂದು ಬೆದರಿದ ತಂದೆತಾಯಿಗಳು ಅವರನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾವ್ ಮುಂದೆ ಬಾಸೆಲಿಗೆ ಹೋಗಿ ಅಭ್ಯಾಸಮಾಡಿ, ೧೮೫೧ರಲ್ಲಿ ಗುರುಪಟ್ಟವನ್ನು ಪಡೆದು ಮರಳಿದರು. ಅವರ ನಿಷ್ಠೆಯನ್ನು ಯಾರೂ ಶಂಕಿಸಲಾರರು. ಆದರೆ ಒಬ್ಬ ಮಗನು ಧರ್ಮಾಂತರವನ್ನು ಕೈಕೊಂಡಾಗ ಆ ಕಾಲದ ಕುಟುಂಬಕ್ಕೆ ಅದು ಸಾವಿಗೆ ಸಮನಾದ ಅಗಲಿಕೆ. ಮನೆಯಲ್ಲಿ ಅವನ ಎಲೆ ಬೀಳುವಂತಿರಲಿಲ್ಲ. ಪಿತೃಕಾರ್ಯದಲ್ಲಿ ಅವನ ಕೈ ಸಲ್ಲುವಂತಿರಲಿಲ್ಲ. ಪ್ರೀತಿಯಿಂದಲೇ ಕರೆದರೂ ಆ ಕರೆಯು ಒಂದು ಮನೆಯಲ್ಲಿ ದೀಪ ಹಚ್ಚಿ ಇನ್ನೊಂದು ಮನೆಯಲ್ಲಿ ಕತ್ತಲೆಯನ್ನು ತರಬಲ್ಲದು. ಧರ್ಮಪ್ರಸಾರದ ಇತಿಹಾಸವನ್ನು ಬರೆಯುವವರು ಬಂದವರ ಲೆಕ್ಕವನ್ನು ಇಡುತ್ತಾರೆ. ಹಿಂದೆ ಉಳಿದವರ ಅಳಲಿಗೆ ಲೆಕ್ಕವಿಲ್ಲ. ಕರೆಯುವವನ ಹೊಣೆಯು ಎಷ್ಟು ಭಾರವಾದುದೆಂಬುದನ್ನು ಈ ಘಟನೆಯು ಎಂದೆಂದಿಗೂ ನೆನಪಿಸುತ್ತದೆ.

ಬಸವಪುರಾಣದ ಮುದ್ರಣ

ಕನ್ನಡ ಸಾಹಿತ್ಯದ ದೃಷ್ಟಿಯಿಂದ ಮೋಗ್ಲಿಂಗರ ಮಹತ್ಕಾರ್ಯವೆಂದರೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಮದ್ರಾಸ್ ಸರಕಾರದ ಸೇವೆಯಿಂದ ನಿವೃತ್ತರಾಗಿ ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಧನಸಹಾಯದಿಂದ ೧೮೪೮ರಲ್ಲಿ ಆರಂಭವಾದ ಈ ಮಾಲೆಯಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’, ದಾಸರ ಪದಗಳು, ಕನಕದಾಸರ ‘ಹರಿಭಕ್ತಿಸಾರ’ ಮೊದಲಾದವು ಕಲ್ಲಚ್ಚಿನಲ್ಲಿ ಬೆಳಕು ಕಂಡವು. ವೀರಶೈವ ಸಾಹಿತ್ಯದ ಎರಡು ಮುಖ್ಯ ಕೃತಿಗಳೂ ಇದರಲ್ಲಿ ಸೇರಿವೆ: ೧೩೬೯ರಲ್ಲಿ ಭೀಮಕವಿ ರಚಿಸಿದ ‘ಬಸವಪುರಾಣ’ವು ೧೮೫೦ರಲ್ಲಿಯೂ, ೧೫೮೪ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದ ‘ಚೆನ್ನಬಸವಪುರಾಣ’ವು ೧೮೫೧ರಲ್ಲಿಯೂ ಪ್ರಕಟವಾದವು. ಮಠಗಳ ಗಂಟುಗಳಲ್ಲಿ, ಗೌಡಶಾನುಭೋಗರ ಮನೆಗಳ ಅಟ್ಟಗಳಲ್ಲಿ ಓಲೆಗರಿಯ ರೂಪದಲ್ಲಿದ್ದ ಕೃತಿಗಳಿಗೆ ಹೀಗೆ ಕ್ರೈಸ್ತ ಮಿಶನರಿಯೊಬ್ಬರ ಕೈಯಿಂದ ಮುದ್ರಣದ ಭಾಗ್ಯವು ದೊರೆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದು ಪ್ರೀತಿಯೋ, ಉಪಾಯವೋ? ಎದುರಾಳಿಯ ಶಾಸ್ತ್ರವನ್ನು ತಿಳಿದು ಅದನ್ನು ಖಂಡಿಸುವ ಉದ್ದೇಶವು ಆ ಕಾಲದ ಮಿಶನರಿಗಳಲ್ಲಿ ಇರಲಿಲ್ಲವೆಂದು ಹೇಳಿದರೆ ಅದು ಇತಿಹಾಸಕ್ಕೆ ಅಪಚಾರ. ಮೋಗ್ಲಿಂಗರು ಹಿಂದೂ ಧರ್ಮಗಳನ್ನು ಟೀಕಿಸಿಯೂ ಬರೆದವರು; ಕ್ರಿಸ್ತನಲ್ಲಿ ಮಾತ್ರ ಮೋಕ್ಷವೆಂಬ ನಂಬಿಕೆಯಿಂದ ಅವರು ಕೊನೆಯವರೆಗೂ ಕದಲಲಿಲ್ಲ. ಆದರೆ ಖಂಡನೆಯಷ್ಟೇ ಉದ್ದೇಶವಾಗಿದ್ದರೆ ಆಯ್ದ ಕೆಲವು ಭಾಗಗಳು ಸಾಕಾಗುತ್ತಿದ್ದವು. ಕೃತಿಗಳನ್ನು ಸಂಪಾದಿಸಿ, ಕಲ್ಲಿನ ಮೇಲೆ ಬರೆಸಿ, ಕನ್ನಡಿಗರು ಓದುವಂತೆ ಕೊಡಬೇಕಾದ ಅಗತ್ಯವಿರಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೂ ಮೋಗ್ಲಿಂಗರು ದಾಸರ ಪದಗಳನ್ನೂ ‘ಜೈಮಿನಿ ಭಾರತ’ದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿಯ ಪೌರಸ್ತ್ಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಅಲ್ಲಿ ಯಾರನ್ನು ಮತಾಂತರಗೊಳಿಸಬೇಕಾಗಿತ್ತು? ಉಪಾಯವಾಗಿ ಆರಂಭವಾದುದು ಅವರಿಗೇ ತಿಳಿಯದಂತೆ ಪ್ರೀತಿಯಾಗಿ ಬೆಳೆದಿತ್ತೆಂದು ಇದರಿಂದ ಊಹಿಸುವುದು ಅನುಚಿತವಾಗಲಾರದು.

ಮೋಗ್ಲಿಂಗರು ಹಾಕಿದ ಅಡಿಪಾಯದ ಮೇಲೆ ಉಳಿದವರು ಕಟ್ಟಿದರು. ವುರ್ತ್ ಎಂಬ ಮಿಶನರಿಯು ‘ಬಸವಪುರಾಣ’ ಮತ್ತು ‘ಚೆನ್ನಬಸವಪುರಾಣ’ಗಳನ್ನು ಇಂಗ್ಲಿಷಿಗೆ ತಂದು ೧೮೬೫-೬೬ರ ಸುಮಾರಿನಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೮೫೩ರಲ್ಲಿ ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿಯೇ ಹಾಡುವಂತೆ ‘ಕಥಾಮಾಲೆ’ಯನ್ನು ೧೮೬೨ರಲ್ಲಿ ರಚಿಸಿದರು. ಕ್ರಿಸ್ತನು ಕನ್ನಡಿಗರ ಮನೆಗೆ ಬರಬೇಕಾದರೆ ಕನ್ನಡದ ಲಯದಲ್ಲಿಯೇ ನಡೆದುಬರಬೇಕೆಂಬ ವಿವೇಕ ಅದರಲ್ಲಿ ಕಾಣುತ್ತದೆ. ಆಮೇಲೆ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಬಸವಪುರಾಣದ ಪ್ರಯೋಗಗಳೂ ಹಳ್ಳಿಯ ಗಾದೆಗಳೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಕಿಟೆಲರು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರೆಂದು ಇಂದು ಯಾರೂ ಕೇಳುವುದಿಲ್ಲ; ಅವರ ನಿಘಂಟನ್ನು ತೆರೆಯದ ಕನ್ನಡ ವಿದ್ವಾಂಸನಿಲ್ಲ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಈ ಮಹನೀಯರು ವೀರಶೈವವನ್ನು ಅರಿತುದು ಬಹುಮಟ್ಟಿಗೆ ಪುರಾಣಗಳ ಮೂಲಕ. ಪವಾಡಗಳ, ವಾದಗಳ, ಪರಮತಜಯದ ಕಥೆಗಳ ಮೂಲಕ. ಶರಣರ ನೇರವಾದ ಅನುಭವವಾಣಿಯಾದ ವಚನಗಳು ಅವರ ಕೈಗೆ ದೊರೆತುದು ಅತ್ಯಲ್ಪ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಹೊರಬಂದದ್ದು ೧೯೨೩ರಲ್ಲಿ. ಆದುದರಿಂದ ಮಿಶನರಿಗಳು ವೀರಶೈವದೊಡನೆ ನಡೆಸಿದ ಸಂವಾದವು ಅಂಗಳದಲ್ಲಿಯೇ ನಿಂತಿತು. ಗರ್ಭಗುಡಿಯ ದನಿ ಅವರಿಗೆ ಕೇಳಿಸಲಿಲ್ಲ. ಆ ದನಿಯನ್ನು ಕೇಳಿದ ಕ್ರೈಸ್ತನು ಬೇರೊಬ್ಬನಾಗಬೇಕಿತ್ತು.

ಅನ್ನ ಮತ್ತು ನಂಬಿಕೆ

ಆತನ ಮಾತಿಗೆ ಬರುವ ಮುನ್ನ ಆಮಿಷದ ಆಪಾದನೆಯನ್ನು ಪರಾಮರ್ಶಿಸುವುದು ಅವಶ್ಯಕ. ಕ್ರೈಸ್ತನಾದವನು ತನ್ನ ಜಾತಿಯೊಡನೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಅಂಥವರ ಜೀವನೋಪಾಯಕ್ಕಾಗಿ ಬಾಸೆಲ್ ಮಿಶನ್ ನೇಯ್ಗೆಯ ಕಾರ್ಖಾನೆಗಳನ್ನು ತೆರೆಯಿತು. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹಂಚೆಂದು ದೇಶದೇಶಗಳಲ್ಲಿ ಹೆಸರಾದ ವಸ್ತುವಿನ ಮೂಲವಿದು. ನಿರಾಶ್ರಿತನಾದವನಿಗೆ ದುಡಿಮೆಯನ್ನು ಕೊಡುವುದು ದಯೆಯೇ ಸರಿ. ಆದರೆ ಅನ್ನವೂ ನಂಬಿಕೆಯೂ ಒಂದೇ ಬಾಗಿಲಿನಿಂದ ದೊರೆಯುವಾಗ ಬಂದವನು ಯಾವುದಕ್ಕಾಗಿ ಬಂದನೆಂಬುದು ಕೊಟ್ಟವನಿಗೂ ತಿಳಿಯದು, ಕೆಲವೊಮ್ಮೆ ಬಂದವನಿಗೂ ತಿಳಿಯದು. ದಾಸೋಹದ ತತ್ತ್ವವನ್ನು ಬಲ್ಲ ವೀರಶೈವರಿಗೆ ಈ ಸೂಕ್ಷ್ಮವು ಹೊಸದಲ್ಲ. ದಾಸೋಹದ ಮನೆಯಲ್ಲಿ ಉಣ್ಣುವವನ ಹಿನ್ನೆಲೆಯನ್ನು ವಿಚಾರಿಸಬಾರದೆಂಬ ನಿಯಮವಿರುವುದು ಇದಕ್ಕಾಗಿಯೇ. ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನಾದರೂ, ಅದು ಭಕ್ತಿಯೇ ಆಗಿರಲಿ, ಬಯಸಿದೊಡನೆ ದಾಸೋಹವು ವ್ಯಾಪಾರವಾಗುತ್ತದೆ.

ಹಾಗೆಂದು ಪರರನ್ನು ಮಾತ್ರ ತೂಗಿ ನೋಡುವುದು ನ್ಯಾಯವಲ್ಲ. ವೀರಶೈವ ಪುರಾಣಗಳಲ್ಲಿಯೂ ಹಠದ, ಪಣದ, ಪರಮತನಿರಸನದ ಕಥೆಗಳುಂಟು. ಏಕಾಂತದ ರಾಮಯ್ಯನು ಜೈನರೊಡನೆ ಶಿರಸ್ಸಿನ ಪಣವನ್ನೊಡ್ಡಿದ ಸಂಗತಿಯನ್ನು ಅಬ್ಬಲೂರಿನ ಶಾಸನವೇ ಸಾರುತ್ತದೆ. ಆ ಕಾಲದ ಕಾವಿನಲ್ಲಿ ಅಂಥವು ನಡೆದುಹೋದವು. ಯಾವ ಧರ್ಮವೂ ತನ್ನ ಇತಿಹಾಸದ ಎಲ್ಲ ಪುಟಗಳನ್ನೂ ಪ್ರೀತಿಯಿಂದಲೇ ಬರೆದಿಲ್ಲ. ತನ್ನ ಶ್ರೇಷ್ಠ ಪುಟಗಳು ಯಾವುವೆಂಬುದನ್ನು ಅರಿತು ಅವುಗಳಂತೆ ಬಾಳುವುದೇ ಪ್ರತಿಯೊಂದು ಧರ್ಮಕ್ಕೆ ಉಳಿದ ಕರ್ತವ್ಯ.

ಉತ್ತಂಗಿ ಚನ್ನಪ್ಪನವರು

ಕ್ರೈಸ್ತ ಧರ್ಮದ ಶ್ರೇಷ್ಠ ಪುಟವು ಕನ್ನಡದಲ್ಲಿ ಬರೆಯಲ್ಪಟ್ಟುದು ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬಾಳಿನಲ್ಲಿ. ೧೮೮೧ರಲ್ಲಿ ಧಾರವಾಡದಲ್ಲಿ ಕ್ರೈಸ್ತ ದಂಪತಿಗಳಲ್ಲಿ ಜನಿಸಿದ ಅವರು ಮಂಗಳೂರಿನ ಮಿಶನ್ ದೇವಜ್ಞಾನ ಶಾಲೆಯಲ್ಲಿ ಅಭ್ಯಾಸಮಾಡಿ ಬಾಸೆಲ್ ಮಿಶನ್ನಿನ ಪಾದ್ರಿಗಳಾದರು. ಹೂವಿನ ಹಡಗಲಿಯ ಸೀಮೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ಅವರಿಗೆ ಕನ್ನಡವು ಕಲಿತ ಭಾಷೆಯಲ್ಲ, ತಾಯಿಯ ಹಾಲಿನೊಡನೆ ಬಂದ ಭಾಷೆ. ನೆರೆಯ ವೀರಶೈವರು ಅವರಿಗೆ ಪ್ರಚಾರದ ಗುರಿಯಲ್ಲ, ಒಂದೇ ಊರಿನ ಕೆರೆಬಾವಿಗಳ ನೀರು ಕುಡಿದ ಬಂಧುಗಳು. ಮೋಗ್ಲಿಂಗ್-ಕಿಟೆಲರು ದೂರದಿಂದ ಬಂದು ಕಷ್ಟಪಟ್ಟು ಗಳಿಸಿದುದು ಇವರಿಗೆ ಹುಟ್ಟಿನಿಂದಲೇ ಲಭಿಸಿತ್ತು. ಆದರೆ ಹುಟ್ಟಿನಿಂದ ದೊರೆತುದನ್ನು ಸಾಧನೆಯಿಂದ ಸಾರ್ಥಕಗೊಳಿಸಿದುದು ಅವರ ಹಿರಿಮೆ.

ಜನರ ನಡುವೆ ಉಪದೇಶಕ್ಕೆಂದು ತಿರುಗಾಡುವಾಗ, ಅಕ್ಷರವರಿಯದ ಒಕ್ಕಲಿಗನ ಬಾಯಲ್ಲಿಯೂ ಸರ್ವಜ್ಞನ ತ್ರಿಪದಿಗಳು ನಲಿಯುವುದನ್ನು ಉತ್ತಂಗಿಯವರು ಕಂಡರು. ಊರೂರು ಅಲೆದು, ಓಲೆಗಳನ್ನೂ ಹಳೆಯ ಕಡತಗಳನ್ನೂ ಬೇಡಿ ಪಡೆದು, ಬಾಯಿಪಾಠದವರ ಮುಂದೆ ಕುಳಿತು ಬರೆದುಕೊಂಡು, ಸುಮಾರು ಎರಡು ಸಾವಿರ ತ್ರಿಪದಿಗಳ ‘ಸರ್ವಜ್ಞನ ವಚನಗಳು’ ಎಂಬ ಬೃಹತ್ಸಂಕಲನವನ್ನು ೧೯೨೪ರಲ್ಲಿ ಪ್ರಕಟಿಸಿದರು. ಪಾದ್ರಿಯು ಹಳ್ಳಿಗೆ ಹೋದುದು ಹೇಳುವುದಕ್ಕೆ; ಮರಳಿ ತಂದುದು ಕೇಳಿದುದನ್ನು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಅವರು ಕರೆದುಕೊಂಡುದರ ಮರ್ಮವೂ ಇದೇ. ಕೊಡುವವನಾಗಿ ಬಂದವನು ಬೇಡುವವನಾಗಿ ನಿಂತಾಗಲೇ ಎದುರಿಗಿರುವವನು ಸಮಾನನಾಗುತ್ತಾನೆ.

ಅವರು ತಮ್ಮ ಧರ್ಮವನ್ನು ಬಿಟ್ಟರೇ? ಇಲ್ಲ. ಕೊನೆಯ ಉಸಿರಿನವರೆಗೂ ಅವರು ಕ್ರಿಸ್ತಭಕ್ತರೇ. ತಾವು ನಂಬಿದ ಕ್ರಿಸ್ತನನ್ನು ನೆರೆಯವರಿಗೆ ಪರಿಚಯಿಸುವ ಹಂಬಲವನ್ನೂ ಅವರು ಮುಚ್ಚಿಡಲಿಲ್ಲ. ಅವರ ಒಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಈ ಹೆಸರೇ ಮನನಯೋಗ್ಯವಾದುದು. ಬೆತ್ಲೆಹೇಮು ಇಲ್ಲಿ ಬನಾರಸದ ಮೇಲೆ ದಂಡೆತ್ತಿ ಬರುವುದಿಲ್ಲ; ಬನಾರಸದ ತಪ್ಪುಗಳ ಪಟ್ಟಿಯನ್ನು ಹಿಡಿದು ನ್ಯಾಯಸ್ಥಾನದಲ್ಲಿ ನಿಲ್ಲುವುದಿಲ್ಲ. ವಿನಂತಿ ಮಾಡುತ್ತದೆ. ವಿನಂತಿಯ ಗುಣವೆಂದರೆ ಅದನ್ನು ನಿರಾಕರಿಸುವ ಸ್ವಾತಂತ್ರ್ಯ ಕೇಳುವವನಿಗೆ ಇರು‍ವುದು. ನಿರಾಕರಿಸಿದ ಮೇಲೂ ಸ್ನೇಹವು ಕೆಡದಿರುವುದು. ಹೇಬಿಕರ ಜಾತ್ರೆಯ ಉಪದೇಶದಿಂದ ಉತ್ತಂಗಿಯವರ ವಿನಂತಿಯವರೆಗಿನ ದೂರವನ್ನು ಅಳೆದರೆ ಕನ್ನಡ ಕ್ರೈಸ್ತ ಧರ್ಮವು ನಡೆದ ದಾರಿಯ ಉದ್ದವು ತಿಳಿಯುತ್ತದೆ.

ವೀರಶೈವ ಸಾಹಿತ್ಯಕ್ಕೆ ಅವರು ಸಲ್ಲಿಸಿದ ಸೇವೆಯು ಅನುಪಮವಾದುದು. ಅನುಭವಮಂಟಪವು ಕೇವಲ ಕವಿಕಲ್ಪನೆಯೆಂಬ ವಾದವು ತಲೆಯೆತ್ತಿದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ೧೯೫೧ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದವರು ಮಠದ ಶಿಷ್ಯರಲ್ಲ, ಈ ಕ್ರೈಸ್ತ ಪಾದ್ರಿಗಳು. ಅಸ್ಪೃಶ್ಯರ ಉದ್ಧಾರಕ್ಕಾಗಿ ಬಸವಣ್ಣನವರು ಮಾಡಿದ ಕಾರ್ಯವನ್ನು ಕುರಿತೂ ಅವರು ಬರೆದರು. ಸೊನ್ನಲಿಗೆಯ ಸಿದ್ಧರಾಮ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ, ಸೌರಾಷ್ಟ್ರದ ಆದಯ್ಯ—ಈ ಶರಣರ ಸಾಹಿತ್ಯವನ್ನು ಶ್ರಮಪಟ್ಟು ಸಂಪಾದಿಸಿದರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ೧೯೬೨ರಲ್ಲಿ ಅವರು ದಿವಂಗತರಾದರು.

ಕರೆಗೆ ಓಗೊಟ್ಟ ಮೂವರು ಶರಣರು

ಉತ್ತಂಗಿಯವರು ಆಯ್ದುಕೊಂಡ ಶರಣರಲ್ಲಿ ಒಂದು ಸಾಮ್ಯವಿದೆ. ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದವರೆಂದೂ, ಬಸವಣ್ಣನವರ ಕೀರ್ತಿಯನ್ನು ಕೇಳಿ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆಯನ್ನು ಮಾರಿ ಬಾಳಿದರೆಂದೂ ಪರಂಪರೆಯು ಹೇಳುತ್ತದೆ. ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದವರು. ಸಿದ್ಧರಾಮರು ಕೆರೆಗಳನ್ನು ತೋಡಿಸುತ್ತ, ದೇಗುಲಗಳನ್ನು ಕಟ್ಟಿಸುತ್ತ ಕರ್ಮಯೋಗದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭುದೇವರು ಅಲ್ಲಿಗೇ ಹೋಗಿ, ಅವರೊಡನೆ ವಾದಿಸಿ, ಅವರನ್ನು ಕಲ್ಯಾಣಕ್ಕೆ ಕರೆತಂದರೆಂದು ಶೂನ್ಯಸಂಪಾದನೆಗಳು ವರ್ಣಿಸುತ್ತವೆ. ಮೂವರೂ ಹೊರಗಿನಿಂದ ಬಂದವರು, ಕರೆಯೊಂದಕ್ಕೆ ಓಗೊಟ್ಟವರು. ಅವರಲ್ಲಿ ಯಾರನ್ನೂ ಕಲ್ಯಾಣವು ಎಳೆದು ತರಲಿಲ್ಲ. ಮಾರಯ್ಯನವರಿಗೆ ಕಲ್ಯಾಣದಲ್ಲಿ ದೊರೆತುದು ಸಿಂಹಾಸನವಲ್ಲ, ಸೌದೆಯ ಹೊರೆ; ಆಮಿಷವೆಂಬುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಸಿದ್ಧರಾಮರ ಸಂಗತಿಯಂತೂ ಇನ್ನೂ ಅರ್ಥಗರ್ಭಿತ. ಅಲ್ಲಮಪ್ರಭುಗಳು ಅವರ ಕಾರ್ಯದ ಮಿತಿಯನ್ನು ನಿರ್ದಾಕ್ಷಿಣ್ಯವಾಗಿ ತೋರಿಸಿದರು. ಆದರೆ ಅವರು ತೋಡಿಸಿದ ಕೆರೆಯನ್ನು ಮುಚ್ಚಿಸಲಿಲ್ಲ. ಇಂದಿಗೂ ಸೊಲ್ಲಾಪುರದಲ್ಲಿ ಆ ಕೆರೆಯಿದೆ. ನಿಜವಾದ ಕರೆಯು ಮನುಷ್ಯನನ್ನು ಮುಂದಕ್ಕೆ ನಡೆಸುತ್ತದೆ, ಅವನ ಹಿಂದಿನ ಸತ್ಕರ್ಮವನ್ನು ಅಳಿಸುವುದಿಲ್ಲ.

ಬಾಳೆಲ್ಲ ಕ್ರಿಸ್ತನ ಕರೆಯನ್ನು ಸಾರಿದ ಒಬ್ಬ ಪಾದ್ರಿಯು, ಬಸವಣ್ಣನವರ ಕರೆಗೆ ಓಗೊಟ್ಟವರ ನುಡಿಗಳನ್ನು ಇಷ್ಟು ಶ್ರದ್ಧೆಯಿಂದ ಕೂಡಿಸಿಟ್ಟುದು ವಿಚಿತ್ರವೆನಿಸಬಹುದು. ಆದರೆ ವಿಚಿತ್ರವಲ್ಲ. ಕರೆಯ ಮಹಿಮೆಯನ್ನು ಬಲ್ಲವನಿಗೆ ಮತ್ತೊಂದು ಮನೆಯ ಕರೆಯೂ ಪವಿತ್ರವಾಗಿ ಕೇಳಿಸುತ್ತದೆ. ತನ್ನ ನಂಬಿಕೆಯಲ್ಲಿ ಅಚಲನಾದವನೇ ಅನ್ಯರ ನಂಬಿಕೆಯನ್ನು ಭಯವಿಲ್ಲದೆ ಆಲಿಸಬಲ್ಲನು. ನಂಬಿಕೆ ಸಡಿಲವಾದವನಿಗೆ ಮಾತ್ರ ಪರಧರ್ಮದ ಮಾತು ಬೆದರಿಕೆಯಾಗಿ ತೋರುತ್ತದೆ.

ಒಂದು ಧರ್ಮವನ್ನು ಹಂಚಿಕೊಳ್ಳುವ ಪ್ರಯತ್ನಕ್ಕೆ ಮೂರು ಒರೆಗಲ್ಲುಗಳಿವೆಯೆಂದು ಈ ಇತಿಹಾಸದಿಂದ ಗ್ರಹಿಸಬಹುದು. ಕರೆಯುವವನು ಕರೆಯಲ್ಪಡುವವನ ಭಾಷೆಯನ್ನೂ ಭಾವವನ್ನೂ ಅರಿತಿರುವನೇ? ಕೊಟ್ಟ ಅನ್ನಕ್ಕೂ ಆಡಿದ ಮಾತಿಗೂ ಪ್ರತಿಫಲವನ್ನು ಬಯಸದಿರುವನೇ? ಒಲ್ಲೆನೆಂದವನೊಡನೆಯೂ ಮೊದಲಿನಂತೆಯೇ ಪ್ರೀತಿಯಿಂದ ಬಾಳುವನೇ? ಮೊದಲನೆಯದರಲ್ಲಿ ಮೋಗ್ಲಿಂಗ್-ಕಿಟೆಲರು ಗೆದ್ದರು. ಎರಡನೆಯದರಲ್ಲಿ ಮಿಶನ್ನಿನ ಚರಿತ್ರೆಯು ಮಿಶ್ರವಾದುದು. ಮೂರನೆಯದರಲ್ಲಿ ಉತ್ತಂಗಿಯವರು ಒರೆಗೆ ಹಚ್ಚಿದ ಚಿನ್ನ. ಅವರ ವಿನಂತಿಯನ್ನು ಬನಾರಸವು ಒಪ್ಪಿತೇ ಎಂಬುದು ಮುಖ್ಯವಲ್ಲ. ಆ ವಿನಂತಿಯು ಮಧ್ಯದ ಬಾಗಿಲನ್ನು ತೆರೆದಿಟ್ಟಿತು. ಆ ಬಾಗಿಲಿನಿಂದ ಶರಣರ ವಚನಗಳು ಪಾದ್ರಿಯ ಮನೆಗೆ ಹೋದವು, ಪಾದ್ರಿಯ ಸೇವೆಯು ಶರಣರ ಮನೆಗೆ ಬಂದಿತು.

ವೀರಶೈವ ಧರ್ಮವೂ ಹುಟ್ಟಿನಿಂದ ಬರುವುದಕ್ಕಿಂತ ದೀಕ್ಷೆಯಿಂದ ಬರುವುದನ್ನು ಮೇಲೆಂದು ತಿಳಿದ, ಕರೆಯುವ ಧರ್ಮವೇ. ಕಾಲಾನುಕ್ರಮದಲ್ಲಿ ಆ ಕರೆಯ ದನಿ ಕುಗ್ಗಿ, ಹುಟ್ಟಿದ ಮನೆಯವರಿಗಷ್ಟೇ ಬಾಗಿಲು ತೆರೆಯುವ ಪದ್ಧತಿ ಬೆಳೆದುದುಂಟು. ಅನ್ಯಧರ್ಮೀಯನೊಬ್ಬನು ಅನುಭವಮಂಟಪದ ಕಂಬಗಳನ್ನು ಹುಡುಕಿ ನಿಲ್ಲಿಸಿದ ಮೇಲೆ, ಅದರ ಬಾಗಿಲನ್ನು ಅಗಲವಾಗಿ ತೆರೆದಿಡುವ ಹೊಣೆಯು ಆ ಮಂಟಪದ ವಾರಸುದಾರರದೇ ಆಗಿದೆ.